ಪಕ್ಕದ ಮನೆ ನಾಯಿ ಯಾಕೆ ಅಷ್ಟೊಂದು ಬೊಗಳುತ್ತದೆ? ಜಗಳಕ್ಕೆ ಇಳಿಯುವ ಮೊದಲು ತಿಳಿದಿರಬೇಕಾದದ್ದು

ನಾಯಿ ಬೊಗಳಿದರೆ ದೇವಲೋಕ ಹಾಳೇ ಅಂತ ಗಾದೆ. ದೇವಲೋಕದ ಕಥೆ ನನಗೆ ಗೊತ್ತಿಲ್ಲ, ನಮ್ಮ ಮೂರನೇ ಮಹಡಿಯಂತೂ ಹಾಳಾಗಿತ್ತು. ಎದುರು ಫ್ಲ್ಯಾಟಿನ ಗಂಡ ಹೆಂಡತಿ ಇಬ್ಬರೂ ಮನೆಯಿಂದ ಕೆಲಸ ಮಾಡುವುದು ನಿಂತು ವಾರಕ್ಕೆ ನಾಲ್ಕು ದಿನ ಆಫೀಸಿಗೆ ಹೋಗಲು ಶುರು ಮಾಡಿದರು. ಅವರ ಬೀಗಲ್ ನಾಯಿ ಬ್ರೂನೋ ಬೆಳಿಗ್ಗೆ ಒಂಬತ್ತೂವರೆಗೆ ಬಾಯಿ ತೆಗೆದರೆ ಮಧ್ಯಾಹ್ನ ಊಟದ ಹೊತ್ತಿನವರೆಗೂ ಮುಚ್ಚುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿ, ನಮ್ಮ ಪಕ್ಕದಲ್ಲಿ ಹಾರ್ಟ್ ಆಪರೇಷನ್ ಆಗಿ ಮಲಗಿರುವ ಅಂಕಲ್. ವಾಟ್ಸಾಪ್ ಗುಂಪಿನಲ್ಲಿ ಮೊದಲು ಕೈಮುಗಿಯುವ ಚಿತ್ರ ಬಂತು, ಆಮೇಲೆ ಉದ್ದುದ್ದ ಮೆಸೇಜು, ಕೊನೆಗೆ "ನಾಯಿ ಇರೋರನ್ನ ಖಾಲಿ ಮಾಡಿಸೋಕೆ ರೂಲ್ಸ್ ಇದ್ಯಾ?" ಎಂಬ ಪ್ರಶ್ನೆ.

ಅದೇ ಹೊತ್ತಿಗೆ, 2025ರಲ್ಲಿ, ಬೀದಿ ನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಒಂದಾದ ಮೇಲೊಂದು ಆದೇಶ ಕೊಟ್ಟಿತು. ಟೀವಿಯಲ್ಲಿ ದಿನವಿಡೀ ನಾಯಿಯದೇ ಸುದ್ದಿ. ನಮ್ಮ ಗುಂಪಿನಲ್ಲಿ ಎಲ್ಲರೂ ವಕೀಲರಾದರು. ಬೀದಿ ನಾಯಿಯ ಕಾನೂನನ್ನು ಮನೆ ನಾಯಿಗೆ ಹಚ್ಚಿದರು, ಮನೆ ನಾಯಿಯ ನಿಯಮವನ್ನು ಗೇಟಿನ ಹೊರಗೆ ಮಲಗಿರುವ ಕರಿಯನಿಗೆ ಹಚ್ಚಿದರು. ಆಗ ಕೂತು ಓದಿದ್ದು, ಒಂದಿಬ್ಬರು ನಾಯಿ ಡಾಕ್ಟರನ್ನು ಕೇಳಿದ್ದು, ನಮ್ಮ ಮಹಡಿಯಲ್ಲೇ ಕಂಡದ್ದು, ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಎದುರು ಮನೆಯವರಿಗೆ ಬ್ರೂನೋ ಬೊಗಳುವುದು ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅದು ಬೊಗಳುತ್ತಿದ್ದದ್ದು ಅವರು ಮನೆಯಲ್ಲಿ ಇಲ್ಲದಾಗ. ಸಂಜೆ ಬಂದು ಬಾಗಿಲು ತೆಗೆದರೆ ಬಾಲ ಅಲ್ಲಾಡಿಸುವ ಮುದ್ದು ನಾಯಿ. ನಾವು "ಇಷ್ಟು ಗಲಾಟೆ ಆದ್ರೂ ಇವರಿಗೆ ನಾಚಿಕೆ ಇಲ್ಲ" ಎಂದುಕೊಳ್ಳುತ್ತಿದ್ದೆವು. ಅವರು "ನಮ್ಮ ಪಾಪದ ನಾಯಿ ಮೇಲೆ ಇವರಿಗೆ ಯಾಕೆ ಈ ದ್ವೇಷ" ಎಂದುಕೊಳ್ಳುತ್ತಿದ್ದರು. ಇಂಥ ಜಗಳಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ ಎಂದು ನನಗೆ ಅನಿಸುತ್ತದೆ.

ಎಲ್ಲ ಬೊಗಳೂ ಒಂದೇ ಅಲ್ಲ

ನಾಯಿಯ ಹತ್ತಿರದ ಸಂಬಂಧಿ ತೋಳ. ದೊಡ್ಡ ತೋಳಗಳು ಬೊಗಳುವುದು ಅಪರೂಪ, ಊಳಿಡುವುದೇ ಜಾಸ್ತಿ. ನಾಯಿ ಮಾತ್ರ ಎಲ್ಲದಕ್ಕೂ ಬೊಗಳುತ್ತದೆ. ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದ್ದಕ್ಕೆ ಅದು ಕಲಿತ ಭಾಷೆ ಇದು ಎಂದು ತಿಳಿದವರು ಹೇಳುತ್ತಾರೆ. ಕಳ್ಳ ಬಂದಾಗ ಬೊಗಳಲಿ ಎಂದು ನಾವೇ ಅನ್ನ ಹಾಕಿ ಬೆಳೆಸಿದ ಗುಣ ಅಲ್ವಾ?

ಈ ಭಾಷೆ ನಮಗೂ ಸ್ವಲ್ಪ ಅರ್ಥವಾಗುತ್ತದೆ. ಹಂಗೇರಿಯ ಬುಡಾಪೆಸ್ಟಿನ ಸಂಶೋಧಕರು ಬೇರೆ ಬೇರೆ ಸಂದರ್ಭಗಳಲ್ಲಿ ನಾಯಿ ಬೊಗಳಿದ್ದನ್ನು ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದ್ದರು. ಅಪರಿಚಿತರು ಬಂದಾಗ, ಒಂಟಿಯಾಗಿ ಕಟ್ಟಿಹಾಕಿದಾಗ, ಆಟವಾಡುವಾಗ, ಹೀಗೆ. ಬರೀ ಸದ್ದು ಕೇಳಿ ಜನ ಸಂದರ್ಭವನ್ನು ಸಾಕಷ್ಟು ಮಟ್ಟಿಗೆ ಗುರುತಿಸಿದರು. ನಾಯಿ ಸಾಕದೆ ಇದ್ದವರೂ ಗುರುತಿಸಿದರು.

ನೀವೂ ಒಮ್ಮೆ ಕಿವಿಗೊಟ್ಟು ಕೇಳಿ. ದಪ್ಪ ದನಿಯಲ್ಲಿ, ಬಿಡುವಿಲ್ಲದೆ, ಒಂದರ ಮೇಲೊಂದು ಬಂದರೆ ಯಾರೋ ಬಂದಿದ್ದಾರೆ ಎಂದರ್ಥ. ಲಿಫ್ಟಿನ ಬಾಗಿಲು, ಡೆಲಿವರಿ ಹುಡುಗ, ಮೇಲಿನ ಮನೆಗೆ ಬಂದ ನೆಂಟರು, ಯಾರಾದರೂ ಸರಿ. ಸಣ್ಣ ದನಿಯಲ್ಲಿ ಒಂದು ಬೊಗಳು, ಸ್ವಲ್ಪ ಹೊತ್ತು ಮೌನ, ಮತ್ತೊಂದು ಬೊಗಳು, ನಡುನಡುವೆ ಕುಂಯ್ ಕುಂಯ್ ಅಥವಾ ಊಳು, ಇದು ಗಂಟೆಗಟ್ಟಲೆ ನಡೆದರೆ ನಾಯಿ ಒಂಟಿಯಾಗಿದೆ. ನಿಮ್ಮ ಮುಖ ನೋಡಿ ಎರಡೇ ಎರಡು ಸಲ "ಬೌ ಬೌ" ಎಂದು ನಿಲ್ಲಿಸಿದರೆ ಏನೋ ಬೇಕಾಗಿದೆ, ಬಹುಶಃ ನಿಮ್ಮ ಕೈಯಲ್ಲಿರುವ ಬಿಸ್ಕತ್ತು.

ತಳಿಯ ಪ್ರಶ್ನೆಯೂ ಇದೆ. ಬೀಗಲ್ ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆ ಬೆಳೆಸಿದ ನಾಯಿ. ವಾಸನೆ ಹಿಡಿದು ಮುಂದೆ ಓಡಿ, ಹಿಂದೆ ಬರುವ ಬೇಟೆಗಾರನಿಗೆ ಕೂಗಿ ಹೇಳುವುದೇ ಅದರ ಕೆಲಸವಾಗಿತ್ತು. ಅದನ್ನು ಎರಡು ಬೆಡ್‌ರೂಮಿನ ಮನೆಯಲ್ಲಿಟ್ಟು ಸುಮ್ನಿರು ಎಂದರೆ ಎಲ್ಲಿಗೆ ಹೋಗಬೇಕು? ನಾವು ಪಾಮ್ ಎಂದು ಕರೆಯುವ ಬಿಳಿ ಸ್ಪಿಟ್ಜ್ ಕೂಡ ಸಣ್ಣ ಸದ್ದಿಗೂ ಮಾತಾಡುವ ಜಾತಿ. ನಮ್ಮ ಮುಧೋಳ ನಾಯಿ ಹಾಗಲ್ಲ, ಅದು ಕಣ್ಣಲ್ಲಿ ನೋಡಿ ಓಡುವ ಬೇಟೆ ನಾಯಿ, ಸಾಮಾನ್ಯವಾಗಿ ಬಾಯಿ ಕಮ್ಮಿ. ಆದರೆ ಅದಕ್ಕೆ ಓಡಲು ಬಯಲು ಬೇಕು, ಅಪಾರ್ಟ್‌ಮೆಂಟ್ ಅದಕ್ಕೂ ಸರಿಯಾದ ಜಾಗವಲ್ಲ.

ಇನ್ನೊಂದು, ಕಿವಿ. ನಮಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ, ಎಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಸಣ್ಣ ದನಿ. ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ. ಹಾಗಾಗಿ "ಸುಮ್‌ಸುಮ್ನೆ ಬೊಗಳುತ್ತೆ" ಎಂದು ನಮಗೆ ಅನಿಸುವಾಗ ಅದಕ್ಕೆ ಏನೋ ಕೇಳಿಸಿರುತ್ತದೆ.

ಬೊಗಳಿದರೆ ನಾಯಿಗೆ ಏನು ಲಾಭ

ಡೆಲಿವರಿ ಹುಡುಗನ ಉದಾಹರಣೆ ನೋಡಿ. ಬೆಲ್ ಆಗುತ್ತದೆ, ನಾಯಿ ಬೊಗಳುತ್ತದೆ. ಅವನು ಪೊಟ್ಟಣ ಕೊಟ್ಟು ಹೊರಡುತ್ತಾನೆ. ಅವನು ಹೇಗಿದ್ದರೂ ಹೊರಡುತ್ತಿದ್ದ. ನಾಯಿಯ ಲೆಕ್ಕದಲ್ಲಿ ಮಾತ್ರ, "ನಾನು ಬೊಗಳಿದೆ, ಅವನು ಓಡಿಹೋದ." ದಿನಕ್ಕೆ ನಾಲ್ಕು ಡೆಲಿವರಿ ಬರುವ ಮನೆಯಲ್ಲಿ ನಾಯಿ ದಿನಕ್ಕೆ ನಾಲ್ಕು ಸಲ ಯುದ್ಧ ಗೆಲ್ಲುತ್ತದೆ. ಗೆದ್ದದ್ದನ್ನು ಯಾರು ಬಿಡುತ್ತಾರೆ?

ನಾವು ರೇಗುವುದೂ ಹೀಗೆಯೇ. "ಏಯ್, ಸುಮ್ನಿರು!" ಎಂದು ಒಳಗಿನಿಂದ ಕೂಗಿದರೆ, ಯಜಮಾನರೂ ನನ್ನ ಜೊತೆ ಸೇರಿಕೊಂಡರು ಎಂದು ನಾಯಿಗೆ ಇನ್ನಷ್ಟು ಹುರುಪು. ಬೊಗಳಿದಾಗ ಬಿಸ್ಕತ್ತು ಕೊಟ್ಟು ಬಾಯಿ ಮುಚ್ಚಿಸುವುದು ಇದಕ್ಕಿಂತ ಕೆಟ್ಟದ್ದು. ಅದು ಸಂಬಳ ಕೊಟ್ಟಂತೆ.

ಸರಿ, ಇವತ್ತಿನಿಂದ ಗಮನವೇ ಕೊಡುವುದಿಲ್ಲ ಎಂದು ತೀರ್ಮಾನಿಸುತ್ತೀರಿ. ಬೇಕು ಬೇಕು ಎಂದು ಬೊಗಳುವ ನಾಯಿಗೆ ಇದು ಸರಿಯಾದ ದಾರಿಯೇ. ಆದರೆ ಮೊದಲ ಕೆಲವು ದಿನ ಬೊಗಳಾಟ ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಲಿಫ್ಟ್ ಬರದಿದ್ದರೆ ನಾವೇನು ಮಾಡುತ್ತೇವೆ? ಸುಮ್ಮನೆ ಮೆಟ್ಟಿಲಿಗೆ ಹೋಗುತ್ತೇವಾ? ಇಲ್ಲ, ಗುಂಡಿಯನ್ನು ನಾಲ್ಕೈದು ಸಲ ಜೋರಾಗಿ ಒತ್ತಿ ಆಮೇಲೆ ಹೋಗುತ್ತೇವೆ. ನಾಯಿಯೂ ಅಷ್ಟೇ. ಆ ನಾಲ್ಕೈದನೇ ದಿನ ತಡೆಯಲಾರದೆ ಎದ್ದು ಹೋಗಿ ಮುದ್ದು ಮಾಡಿದರೆ ಕೆಲಸ ಕೆಟ್ಟಿತು. "ಓಹೋ, ಇಷ್ಟು ಜೋರಾಗಿ, ಇಷ್ಟು ಹೊತ್ತು ಬೊಗಳಬೇಕು" ಎಂದು ಕಲಿಯುತ್ತದೆ. ಅಕ್ಕಪಕ್ಕದವರಿಗೆ ಮೊದಲೇ "ಈ ವಾರ ಸ್ವಲ್ಪ ಸದ್ದು ಜಾಸ್ತಿ ಇರುತ್ತೆ, ಅಭ್ಯಾಸ ಮಾಡಿಸ್ತಿದೀವಿ" ಎಂದು ಹೇಳಿಟ್ಟರೆ ಒಳ್ಳೆಯದು.

ಒಂಟಿ ನಾಯಿಯ ಕಷ್ಟ ಬೇರೆ

ಈ ಗಮನ ಕೊಡಬೇಡಿ ಎಂಬ ಸೂತ್ರ ಒಂಟಿತನಕ್ಕೆ ನಡೆಯುವುದಿಲ್ಲ. ಯಜಮಾನರು ಹೊರಟ ಕೂಡಲೇ ಕೆಲವು ನಾಯಿಗಳಿಗೆ ನಿಜವಾದ ಗಾಬರಿ ಶುರುವಾಗುತ್ತದೆ. ಜೊಲ್ಲು ಸುರಿಸುವುದು, ಬಾಗಿಲು ಕೆರೆಯುವುದು, ಎಂದೂ ಮಾಡದವು ಮನೆಯೊಳಗೆ ಉಚ್ಚೆ ಹೊಯ್ಯುವುದು, ಜೊತೆಗೆ ಬೊಗಳುವುದು, ಊಳಿಡುವುದು. ಹಠವಲ್ಲ, ಭಯ. ಜಾತ್ರೆಯಲ್ಲಿ ಅಮ್ಮನ ಕೈ ತಪ್ಪಿಸಿಕೊಂಡ ಮಗು ಅಳುತ್ತದಲ್ಲ, ಆ ಬಗೆಯದು. ಮಗುವನ್ನು ಬೈದರೆ ಅಳು ನಿಲ್ಲುತ್ತದೆಯೇ?

ಕೊರೋನಾ ಕಾಲದಲ್ಲಿ ಮನೆಗೆ ಬಂದ ಮರಿಗಳಲ್ಲಿ ಇದು ಕಾಣಿಸಿದ್ದರೆ ಆಶ್ಚರ್ಯವಿಲ್ಲ. ದಿನದ 24 ಗಂಟೆಯೂ ಮನೆ ತುಂಬ ಜನ ಇದ್ದಾಗ ಬೆಳೆದವು. ಒಂದು ದಿನ ಇದ್ದಕ್ಕಿದ್ದಂತೆ ಮನೆ ಖಾಲಿ.

ಇದಕ್ಕೆ ಅಭ್ಯಾಸವನ್ನು ಚೂರು ಚೂರೇ ಮಾಡಿಸಬೇಕು. ನಾಯಿಗೆ ನಾವು ಹೊರಡುವ ಸೂಚನೆಗಳೆಲ್ಲ ಬಾಯಿಪಾಠ. ಬೀಗದ ಕೈ ಸದ್ದು, ಶೂ, ಲ್ಯಾಪ್‌ಟಾಪ್ ಬ್ಯಾಗು. ಹಾಗಾಗಿ ಸುಮ್ನೆ ಬೀಗದ ಕೈ ತೆಗೆದುಕೊಂಡು ಮತ್ತೆ ಸೋಫಾದಲ್ಲಿ ಕೂರಿ. ಶೂ ಹಾಕಿಕೊಂಡು ಟೀ ಕುಡಿಯಿರಿ. ಆಮೇಲೆ ಬಾಗಿಲ ಹೊರಗೆ ಅರ್ಧ ನಿಮಿಷ ನಿಂತು ಒಳಗೆ ಬನ್ನಿ. ಅದು ಗಾಬರಿ ಬೀಳುವ ಮೊದಲೇ ಬರಬೇಕು, ಗುಟ್ಟಿರುವುದು ಇಲ್ಲೇ. ಅರ್ಧ ನಿಮಿಷ ಒಂದು ನಿಮಿಷವಾಗಲಿ, ಎರಡಾಗಲಿ, ಐದಾಗಲಿ. ಹೋಗುವಾಗ ಅಪ್ಪಿ ಮುದ್ದಾಡಿ ಬೀಳ್ಕೊಡುವ ನಾಟಕ ಬೇಡ, ಬಂದಾಗ ಹಬ್ಬವೂ ಬೇಡ. ವಾರಗಟ್ಟಲೆ ಹಿಡಿಯುವ ಕೆಲಸ, ನಿಜ. ಗಾಬರಿ ತುಂಬ ಜಾಸ್ತಿ ಇದ್ದರೆ ಡಾಕ್ಟರು ಔಷಧಿಯನ್ನೂ ಕೊಡುತ್ತಾರೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ.

ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ರಾತ್ರಿ ಎದ್ದು ಗೋಡೆ ನೋಡಿ ಬೊಗಳಲು ಶುರು ಮಾಡಿದರೂ ಡಾಕ್ಟರ ಹತ್ತಿರವೇ ಹೋಗಬೇಕು. ನೋವಿರಬಹುದು, ಕಿವಿ ಮಂದವಾಗಿರಬಹುದು. ನಮ್ಮ ಅಜ್ಜ ಅಜ್ಜಿಯರಿಗೆ ಬರುವಂಥ ಮರೆವಿನ ಕಾಯಿಲೆ ನಾಯಿಗಳಿಗೂ ಬರುತ್ತದೆ.

ನಾಯಿ ಸಾಕಿದವರ ಪಾಲಿನ ಕೆಲಸ

ಮೊದಲನೆಯದು, ನಾಯಿಗೆ ದಣಿವು ಬೇಕು. ಕಾಲಿಗಿಂತ ಮೂಗಿಗೆ. ಬೆಳಿಗ್ಗೆ ಫೋನ್ ನೋಡುತ್ತಾ ದರದರ ಎಳೆದುಕೊಂಡು ಹೋಗಿ ಮೂತ್ರ ಮಾಡಿಸಿ ಬರುವುದು ವಾಕಿಂಗ್ ಅಲ್ಲ. ಕಂಬ, ಗಿಡ, ಕಾಂಪೌಂಡಿನ ಮೂಲೆ ಎಲ್ಲ ಮೂಸಲು ಬಿಡಿ. ನಮಗೆ ಬೆಳಗಿನ ಪೇಪರ್ ಹೇಗೋ ಅದಕ್ಕೆ ಆ ಕಂಬ ಹಾಗೆ.

ಹೊರಡುವ ಮುಂಚೆ ಕೈಗೆ ಕೆಲಸ ಕೊಡಿ, ಬಾಯಿಗೆ ಎನ್ನಬೇಕೇನೋ. ಟೊಳ್ಳು ರಬ್ಬರ್ ಆಟಿಕೆಯೊಳಗೆ ಮೊಸರನ್ನ ತುಂಬಿ ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟರೆ ಬೆಳಿಗ್ಗೆ ಅದನ್ನು ನೆಕ್ಕಿ ಖಾಲಿ ಮಾಡಲು ನಾಯಿಗೆ ಸಾಕಷ್ಟು ಹೊತ್ತು ಬೇಕು. ಉಪ್ಪು, ಒಗ್ಗರಣೆ ಇಲ್ಲದ ಬರೀ ಮೊಸರನ್ನ. ಈರುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ, ನೆನಪಿರಲಿ. ನೆಕ್ಕುವುದು, ಜಗಿಯುವುದು ನಾಯಿಯ ಮನಸ್ಸನ್ನು ಶಾಂತ ಮಾಡುತ್ತದೆ.

ಬಾಲ್ಕನಿಯಲ್ಲಿ ಕಟ್ಟಿಹಾಕಿ ಹೋಗುವುದು ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು. ಅಲ್ಲಿಂದ ರಸ್ತೆ, ಬೆಕ್ಕು, ಪಾರಿವಾಳ, ಹಾಲಿನವನು, ಬೇರೆ ನಾಯಿ ಎಲ್ಲ ಕಾಣುತ್ತದೆ, ಯಾವುದರ ಹತ್ತಿರವೂ ಹೋಗಲು ಆಗುವುದಿಲ್ಲ. ಸದ್ದೂ ಇಡೀ ಬ್ಲಾಕಿಗೆ ಹರಡುತ್ತದೆ. ಒಳಗಿನ ಕೋಣೆಯಲ್ಲಿ, ಕಿಟಕಿಗೆ ಪರದೆ ಎಳೆದು, ಫ್ಯಾನ್ ಅಥವಾ ರೇಡಿಯೋ ಸಣ್ಣಗೆ ಹಾಕಿ ಬಿಟ್ಟರೆ ಅರ್ಧ ಕಾರಣಗಳು ತಾವಾಗಿ ಮಾಯ. ಮುಂಬಾಗಿಲ ಕೆಳಗಿನ ಸಂದಿಗೆ ಒಂದು ದಪ್ಪ ಮ್ಯಾಟ್ ಒತ್ತಿದರೂ ಕಾರಿಡಾರಿನ ಸದ್ದು ಒಳಗೆ ಬರುವುದು, ಒಳಗಿನದು ಹೊರಗೆ ಹೋಗುವುದು ಎರಡೂ ಕಮ್ಮಿ.

ಬೆಲ್ಲಿಗೆ ಬೊಗಳುವ ನಾಯಿಗೆ ಬೇರೆ ಪಾಠ. ಮನೆಯವರೇ ಒಬ್ಬರು ಹೊರಗೆ ಹೋಗಿ ಬೆಲ್ ಒತ್ತಿ. ನಾಯಿ ಬೊಗಳುತ್ತದೆ, ಎಲ್ಲೋ ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತದೆ. ಆ ಮೌನದ ಕ್ಷಣಕ್ಕೆ ತಿಂಡಿ ಕೊಡಿ, ಬೊಗಳಿದ್ದಕ್ಕಲ್ಲ. ಬೆಲ್ ಆದರೆ ಮ್ಯಾಟ್ ಮೇಲೆ ಹೋಗಿ ಕೂತರೆ ತಿಂಡಿ ಸಿಗುತ್ತದೆ ಎಂದು ಕಲಿತ ನಾಯಿಗಳಿವೆ.

ಬೊಗಳಿದರೆ ಕರೆಂಟ್ ಹೊಡೆಯುವ ಬೆಲ್ಟುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಬೇಡ. ಭಯದಿಂದ ಬೊಗಳುವ ನಾಯಿಗೆ ನೋವನ್ನೂ ಕೊಟ್ಟರೆ ಭಯ ಎರಡಾಗುತ್ತದೆ. ಬೊಗಳಿ ಎಚ್ಚರಿಸುವುದನ್ನು ಬಿಟ್ಟು ನೇರ ಕಚ್ಚುವ ಅಪಾಯವೂ ಇದೆ.

ಸದ್ದನ್ನು ಅಳೆಯುವುದು

ಸದ್ದಿನ ಅಳತೆ ಡೆಸಿಬೆಲ್. ಇದರ ಲೆಕ್ಕ ಅಕ್ಕಿ ತೂಗಿದ ಹಾಗಲ್ಲ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ನಮ್ಮ ಕಿವಿಗೆ ಸುಮಾರು ಎರಡು ಪಟ್ಟು. ಇಬ್ಬರು ಕೂತು ಮಾತಾಡುವ ಸದ್ದು 60ರ ಆಸುಪಾಸು. ನಾಯಿ ಹತ್ತಿರದಲ್ಲೇ ಬೊಗಳಿದರೆ 80, 90 ದಾಟುವುದು ಸಾಮಾನ್ಯ. 2012ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಚಾರ್ಲಿ ಎಂಬ ಗೋಲ್ಡನ್ ರಿಟ್ರೀವರ್ 113.1 ಡೆಸಿಬೆಲ್ ಬೊಗಳಿ ಗಿನ್ನೆಸ್ ದಾಖಲೆಗೆ ಸೇರಿತು. ಅದರ ಪಕ್ಕದ ಮನೆಯವರ ಅಭಿಪ್ರಾಯ ಯಾರೂ ಕೇಳಿದಂತಿಲ್ಲ.

ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 90 ಇದ್ದದ್ದು ಎಂಟು ಮೀಟರಿನಲ್ಲಿ 72. ಆದರೆ ಟೈಲ್ಸ್ ಹಾಕಿದ ಉದ್ದ ಕಾರಿಡಾರಿನಲ್ಲಿ ಸದ್ದು ಗೋಡೆಗೆ ಬಡಿದು ಬಡಿದು ಬರುವುದರಿಂದ ಅಷ್ಟು ಬೇಗ ಇಳಿಯುವುದಿಲ್ಲ.

ಕೇಂದ್ರ ಸರ್ಕಾರದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಜಾಸ್ತಿ ಇದ್ದರೆ ದೂರು ಕೊಡಬಹುದು. ಇದನ್ನು ಓದಿ ನಮ್ಮ ಗುಂಪಿನಲ್ಲಿ ಒಬ್ಬರು "ಸಿಕ್ತು ರೂಲು!" ಎಂದು ಕುಣಿದರು. ಆದರೆ ಈ ಅಂಕಿಗಳು ಒಂದು ಕ್ಷಣದ ಸದ್ದಿಗಲ್ಲ, ಒಂದಷ್ಟು ಹೊತ್ತಿನ ಸರಾಸರಿಗೆ. ನಿಮಿಷಕ್ಕೊಮ್ಮೆ ಬೊಗಳುವ ನಾಯಿಯ ಸರಾಸರಿ ತೆಗೆದರೆ ಮಿತಿಯೊಳಗೇ ಬರಬಹುದು, ಆದರೂ ನಿಮ್ಮ ನಿದ್ದೆ ಹೋಗಿರುತ್ತದೆ. ಮುಂದಿನ ಬೊಗಳು ಯಾವಾಗ ಬರುತ್ತದೋ ಎಂದು ಕಾಯುವುದೇ ದೊಡ್ಡ ಹಿಂಸೆ, ಅದನ್ನು ಅಳೆಯುವ ಮೀಟರ್ ಇಲ್ಲ. ಮೇಲಾಗಿ ಆ ನಿಯಮಗಳ ಗಮನವೆಲ್ಲ ಧ್ವನಿವರ್ಧಕ, ಹಾರ್ನ್, ಪಟಾಕಿ, ಕಟ್ಟಡ ಕೆಲಸದ ಯಂತ್ರಗಳ ಮೇಲೆ. ಫೋನಿನ ಆ್ಯಪ್ ತೋರಿಸುವ ಅಂಕಿ ಅಂದಾಜು ಮಾತ್ರ, ಅದನ್ನೇ ಹಿಡಿದು ಠಾಣೆಗೆ ಹೋಗಬೇಡಿ.

ಬಾಗಿಲು ತಟ್ಟುವ ರೀತಿ

ಮೊದಲು ಒಂದು ವಾರ ಸಮಯ ಬರೆದಿಡಿ. ಯಾವ ದಿನ, ಎಷ್ಟು ಗಂಟೆಗೆ ಶುರು, ಎಷ್ಟು ಹೊತ್ತು, ಆಗ ಏನಾಗುತ್ತಿತ್ತು. ಒಂದೆರಡು ಸಣ್ಣ ರೆಕಾರ್ಡಿಂಗ್, ನಿಮ್ಮ ಮನೆಯೊಳಗಿನಿಂದ ಮಾಡಿದ್ದು. ಇದು ಅವರ ವಿರುದ್ಧ ಸಾಕ್ಷಿ ಅಲ್ಲ, ಅವರಿಗೆ ಬೇಕಾದ ಮಾಹಿತಿ. ಬರೆದ ಮೇಲೆ ನನಗೇ ಒಂದು ವಿಷಯ ತಿಳಿಯಿತು. "ಇಡೀ ದಿನ ಬೊಗಳುತ್ತೆ" ಎಂದು ನಾನು ಹೇಳುತ್ತಿದ್ದೆನಲ್ಲ, ಅದು ಸುಳ್ಳು. ಒಂಬತ್ತೂವರೆಯಿಂದ ಒಂದೂವರೆ, ಅದೂ ಆಫೀಸಿನ ದಿನ ಮಾತ್ರ. ಮಧ್ಯಾಹ್ನ ಕೆಲಸದಾಕೆ ಬಂದು ಬಾಗಿಲು ತೆಗೆದ ಕೂಡಲೇ ನಿಲ್ಲುತ್ತಿತ್ತು. ರೋಗ ಏನು ಎಂದು ಆ ಚೀಟಿಯೇ ಹೇಳಿತು.

ಮಾತಾಡುವ ಹೊತ್ತು ಮುಖ್ಯ. ನಾಯಿ ಬೊಗಳುವಾಗ, ನಮಗೆ ತಲೆ ಸಿಡಿಯುವಾಗ ಹೋಗಬಾರದು. ಗುಂಪಿನಲ್ಲಿ ಎಲ್ಲರ ಮುಂದೆ ಹಾಕಲೇಬಾರದು, ನಾಲ್ಕು ಜನರ ಎದುರು ಯಾರಿಗೆ ತಾನೇ ತಪ್ಪು ಒಪ್ಪಿಕೊಳ್ಳಲು ಮನಸ್ಸು ಬರುತ್ತದೆ? ನಾನು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. "ಮೇಡಂ, ಬ್ರೂನೋ ಹುಷಾರಾಗಿದಾನಾ? ನೀವು ಆಫೀಸಿಗೆ ಹೋದ್ಮೇಲೆ ತುಂಬಾ ಅಳ್ತಾನೆ ಅನ್ಸುತ್ತೆ, ನಿಮಗೆ ಗೊತ್ತಿರಲ್ಲ ಅಂತ ಹೇಳೋಕೆ ಬಂದೆ" ಎಂದೆ. ಅವರ ಮುಖ ಸಣ್ಣಗಾಯಿತು. "ಅಯ್ಯೋ, ಹೌದಾ? ಯಾರೂ ಹೇಳ್ಲೇ ಇಲ್ವಲ್ಲ" ಎಂದರು. ಗುಂಪಿನಲ್ಲಿ ನಲವತ್ತು ಮೆಸೇಜು ಬಂದಿದ್ದವು. ಅವರು ಗುಂಪನ್ನು ಮ್ಯೂಟ್ ಮಾಡಿದ್ದರು.

ಎಲ್ಲ ಬಾಗಿಲೂ ಹೀಗೆ ತೆರೆಯುವುದಿಲ್ಲ, ಅದೂ ಗೊತ್ತು. "ನಾಯಿ ಅಂದ್ಮೇಲೆ ಬೊಗಳುತ್ತೆ, ಮಿಯಾಂವ್ ಅನ್ನುತ್ತಾ?" ಎಂದು ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ. ಅಂಥವರಿಗೆ ಎರಡನೇ ಸಲ ಬರವಣಿಗೆಯಲ್ಲಿ, ದಿನ ಸಮಯ ಹಾಕಿ, ಮರ್ಯಾದೆಯಿಂದಲೇ ಕೊಡಬೇಕು. ಮುಂದೆ ಬೇಕಾದರೆ ಉಪಯೋಗಕ್ಕೆ ಬರುತ್ತದೆ. ಬಾಡಿಗೆಯವರಾದರೆ ಮನೆ ಮಾಲೀಕರಿಗೂ ಒಂದು ಮಾತು ಹೇಳಬಹುದು, ಆದರೆ ಮೊದಲ ಹೆಜ್ಜೆಯೇ ಅದಾದರೆ ಆ ದ್ವೇಷ ಹೋಗುವುದಿಲ್ಲ.

ಅಸೋಸಿಯೇಷನ್ ಏನು ಮಾಡಬಹುದು, ಏನು ಮಾಡಬಾರದು

ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಅದರ ಅಡಿಯಲ್ಲಿ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿತು, ಅದರ ಮೊದಲ ಅಧ್ಯಕ್ಷೆ ನೃತ್ಯ ಕಲಾವಿದೆ ರುಕ್ಮಿಣೀ ದೇವಿ ಅರುಂಡೇಲ್. ಈ ಮಂಡಳಿ 2015ರಲ್ಲಿ ಅಪಾರ್ಟ್‌ಮೆಂಟುಗಳ ಸಾಕುನಾಯಿಗಳ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಬಹುಮತದ ಠರಾವು ಮಾಡಿದರೂ ಅಸೋಸಿಯೇಷನ್ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ದೊಡ್ಡ ನಾಯಿ ಬೇಡ, ಇಂಥ ತಳಿ ಬೇಡ ಎನ್ನುವಂತಿಲ್ಲ. ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ, ನಾಯಿ ಇದೆ ಎಂದು ಹೆಚ್ಚಿಗೆ ದುಡ್ಡು ಕೇಳುವಂತಿಲ್ಲ.

ನಾಯಿ ಪ್ರಿಯರು ಇಷ್ಟನ್ನೇ ಗುಂಪಿನಲ್ಲಿ ಹಂಚುತ್ತಾರೆ. ಅದೇ ಮಾರ್ಗಸೂಚಿಯ ಇನ್ನೊಂದು ಸಾಲನ್ನು ಹಂಚುವವರು ಕಮ್ಮಿ. ಬೊಗಳುವುದು ನಾಯಿಯ ಸಹಜ ಗುಣ, ಸಹಿಸಿಕೊಳ್ಳಬೇಕು ಎನ್ನುವ ಮಂಡಳಿಯೇ, ನಿಲ್ಲದ ಬೊಗಳಾಟ ನೆರೆಯವರಿಗೆ ತೊಂದರೆ ಕೊಡುತ್ತದೆ, ಅದರಲ್ಲೂ ರಾತ್ರಿ ನಾಯಿಯನ್ನು ಸುಮ್ಮನಿರಿಸಲು ಮಾಲೀಕರು ಪೂರ್ತಿ ಪ್ರಯತ್ನ ಮಾಡಬೇಕು ಎಂದೂ ಹೇಳಿದೆ. ಎರಡನ್ನೂ ಸೇರಿಸಿ ಓದಬೇಕು.

ಹಾಗಾದರೆ ಅಸೋಸಿಯೇಷನ್ನಿಗೆ ಉಳಿದದ್ದು ಮಾತುಕತೆ. ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು ಕೂರಿಸಿ ಮಾತಾಡಿಸಬಹುದು. ಪಾಲಿಕೆಯ ಲೈಸೆನ್ಸ್, ರೇಬಿಸ್ ಲಸಿಕೆಯ ಕಾಗದ ಕೇಳಬಹುದು. ಕಾರಿಡಾರಿಗೆ ಅಡ್ಡ ಬಾಗಿಲು ಹಾಕಿಸುವುದು, ಡೆಲಿವರಿಯವರು ಬೆಲ್ ಒತ್ತದೆ ಫೋನ್ ಮಾಡುವಂತೆ ಗೇಟಿನಲ್ಲೇ ಹೇಳಿಸುವುದು, ಇಂಥ ಸಣ್ಣ ಕೆಲಸಗಳು ದೊಡ್ಡ ನೋಟಿಸಿಗಿಂತ ಜಾಸ್ತಿ ಫಲ ಕೊಡುತ್ತವೆ.

ಪೊಲೀಸ್, ಕೋರ್ಟಿನ ದಾರಿ

ಸಾರ್ವಜನಿಕ ಉಪದ್ರವ ಎಂಬುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ, 292ನೇ ಕಲಂ ಪ್ರಕಾರ 1,000 ರೂಪಾಯಿವರೆಗೆ ದಂಡ. ಆದರೆ ಸಾರ್ವಜನಿಕ ಎಂಬ ಪದಕ್ಕೆ ಅರ್ಥವಿದೆ. ಸುತ್ತಲಿನ ಜನರಿಗೆಲ್ಲ ತೊಂದರೆಯಾಗಬೇಕು, ನಿಮ್ಮೊಬ್ಬರಿಗೆ ಆದರೆ ಅದು ಖಾಸಗಿ ಉಪದ್ರವ. ಅದಕ್ಕೆ ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಬೇಕು. ಎಷ್ಟು ವರ್ಷ ಹಿಡಿಯುತ್ತದೆ ಎಂದು ಯೋಚಿಸಿ. ಅಷ್ಟರಲ್ಲಿ ನಾಯಿಗೇ ವಯಸ್ಸಾಗಿರುತ್ತದೆ. 112ಕ್ಕೆ ಫೋನ್ ಮಾಡಿದರೆ ಪೊಲೀಸರು ಬಂದು ಬುದ್ಧಿ ಹೇಳಿ ಹೋಗುತ್ತಾರೆ, ಮಧ್ಯರಾತ್ರಿ ಕೈಮೀರಿದಾಗ ಅದೂ ಸಹಾಯವೇ. 291ನೇ ಕಲಂ ಬೇರೆ, ಅದು ಪ್ರಾಣಿಯನ್ನು ಅಜಾಗರೂಕತೆಯಿಂದ ಬಿಟ್ಟು ಜನರ ಜೀವಕ್ಕೆ ಅಪಾಯ ತಂದಾಗ. ಬೊಗಳಿದ್ದಕ್ಕಲ್ಲ.

ಇದರ ನಡುವೆ ಒಂದು ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ, ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿಗೆ ಪ್ರಯತ್ನಿಸುತ್ತಾರೆ. ಕಾನೂನು ಸಹಾಯವಾಣಿ 15100.

ನಾಯಿ ಸಾಕಿದವರಿಗೂ ಕಾನೂನಿದೆ. 1960ರ ಕಾಯ್ದೆಯ 11ನೇ ಕಲಂ ಪ್ರಕಾರ ಸದಾ ಗಿಡ್ಡ ಚೈನಿನಲ್ಲಿ ಕಟ್ಟಿಡುವುದು, ಕಟ್ಟಿದ ನಾಯಿಗೆ ಓಡಾಟವನ್ನೇ ಕೊಡದಿರುವುದು ಹಿಂಸೆ. ದೂರು ಬಂತೆಂದು ನಾಯಿಯನ್ನು ಕಾರಿನಲ್ಲಿ ಕೂರಿಸಿ ನೈಸ್ ರಸ್ತೆ ಪಕ್ಕ ಬಿಟ್ಟು ಬರುವುದೂ ಅದೇ ಕಲಂನಲ್ಲಿ ಬರುತ್ತದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ, 1960ರ ಬೆಲೆ! ಆದರೆ ಸಿಟ್ಟಿನಲ್ಲಿ ನಾಯಿಗೆ ವಿಷ ಹಾಕುವ ಯೋಚನೆ ಯಾರಿಗಾದರೂ ಬಂದರೆ, ಅದಕ್ಕೆ ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ ಐದು ವರ್ಷದವರೆಗೆ ಜೈಲು.

ಬೀದಿ ನಾಯಿಯ ಲೆಕ್ಕ ಬೇರೆ

ರಾತ್ರಿ ಎರಡು ಗಂಟೆಗೆ ಬೀದಿಯಲ್ಲಿ ಬೊಗಳುವವಕ್ಕೆ ಮಾಲೀಕರಿಲ್ಲ, ಬಾಗಿಲು ತಟ್ಟಲು ಮನೆ ಇಲ್ಲ. ಬೆಂಗಳೂರಿನಲ್ಲಿ 2023ರ ಎಣಿಕೆಯಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು, 2019ರಲ್ಲಿ ಸುಮಾರು 3.10 ಲಕ್ಷ ಇದ್ದವು. ಅವು ಬೊಗಳುವುದು ಹೆಚ್ಚಾಗಿ ಗಡಿಗಾಗಿ. ನಿಮ್ಮ ರಸ್ತೆ ಒಂದು ಗುಂಪಿನದು, ಮುಂದಿನ ಕ್ರಾಸ್ ಇನ್ನೊಂದರದು. ಕಾರ್ತಿಕ ಮಾಸದ ನಾಯಿಗಳು ಎಂಬ ಬೈಗುಳ ನಮ್ಮಲ್ಲಿ ಸುಮ್ನೆ ಹುಟ್ಟಿಲ್ಲ, ಮಳೆಗಾಲ ಮುಗಿಯುವ ಹೊತ್ತಿಗೆ ಬೆದೆಯ ಗಲಾಟೆ ಜೋರು. ಸಂತಾನಹರಣ ಮಾಡಿದರೆ ಬೆದೆಗಾಗಿ ಆಗುವ ಕಚ್ಚಾಟ, ಕೂಗಾಟ ಇಳಿಯುತ್ತದೆ. ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಕಂಡರೆ ಆ ನಾಯಿಗೆ ಆಪರೇಷನ್ ಆಗಿದೆ ಎಂದರ್ಥ. ಆಗಿಲ್ಲದ ನಾಯಿ ಕಂಡರೆ ಪಾಲಿಕೆಯ 1533ಕ್ಕೆ ತಿಳಿಸಬಹುದು.

ಪ್ರಾಣಿ ಜನನ ನಿಯಂತ್ರಣದ 2023ರ ನಿಯಮಗಳ ಪ್ರಕಾರ ಆಪರೇಷನ್, ಲಸಿಕೆ ಆದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಯಾಕೆ ಅಲ್ಲೇ? ಹಳೆಯ ನಾಯಿ ಹೋದರೆ ಜಾಗ ಖಾಲಿ ಉಳಿಯುವುದಿಲ್ಲ, ಅಲ್ಲಿ ಕಸ, ಅನ್ನ ಇರುವವರೆಗೆ ಹೊಸದು ಬರುತ್ತದೆ. ಹೊಸದು ಬಂದರೆ ಮತ್ತೆ ಗಡಿ ಜಗಳ, ಮತ್ತೆ ರಾತ್ರಿಯಿಡೀ ಬೊಗಳಾಟ. 2025ರ ಆಗಸ್ಟ್ 11ರಂದು ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರದಲ್ಲಿಡಿ ಎಂದಿದ್ದ ಸುಪ್ರೀಂ ಕೋರ್ಟ್, 22ರಂದು ಅದನ್ನು ಬದಲಿಸಿ, ರೇಬಿಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿ ಬಿಟ್ಟು ಉಳಿದವನ್ನು ಅದೇ ಜಾಗಕ್ಕೆ ಬಿಡಿ ಎಂದಿತು. ರಸ್ತೆಯಲ್ಲಿ ಸಿಕ್ಕ ಸಿಕ್ಕಲ್ಲಿ ಊಟ ಹಾಕಬಾರದು, ಅದಕ್ಕೆ ಗೊತ್ತುಮಾಡಿದ ಜಾಗವಿರಬೇಕು ಎಂದೂ ಹೇಳಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಕಡೆ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದು ಎಂದಿತು. ಇವೆಲ್ಲ ಬೀದಿ ನಾಯಿಗಳ ಮಾತು. ಎದುರು ಮನೆಯ ಬೀಗಲ್‌ಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಆ ಬೀಗಲ್ ಕಥೆ ಏನಾಯಿತು ಎಂದರೆ, ಅವರು ಮನೆಯಲ್ಲಿ ಒಂದು ಸಣ್ಣ ಕ್ಯಾಮೆರಾ ಇಟ್ಟರು. ಮೊದಲ ದಿನದ ವಿಡಿಯೋ ನೋಡಿ ಮೇಡಂ ಆಫೀಸಿನಲ್ಲೇ ಅತ್ತರಂತೆ. ಬಾಗಿಲ ಅಭ್ಯಾಸ ಶುರು ಮಾಡಿದರು, ಮೊಸರನ್ನದ ಆಟಿಕೆ ಬಂತು. ಕೆಲಸದಾಕೆ ಬರುವ ಸಮಯವನ್ನು ಒಂದೂವರೆಯಿಂದ ಹನ್ನೊಂದಕ್ಕೆ ತಂದರು. ಎರಡನೇ ತಿಂಗಳ ಹೊತ್ತಿಗೆ ನಾಲ್ಕು ಗಂಟೆಯ ಬೊಗಳಾಟ ಹತ್ತು ನಿಮಿಷಕ್ಕೆ ಇಳಿದಿತ್ತು. ಈಗ ಅವರ ಮನೆಯ ಇನ್ನೊಂದು ಬೀಗದ ಕೈ ನಮ್ಮ ಮನೆಯ ಮೊಳೆಯಲ್ಲಿ ತೂಗುತ್ತಿದೆ. ಹಾರ್ಟ್ ಆಪರೇಷನ್ ಆದ ಅಂಕಲ್‌ಗೆ ಡಾಕ್ಟರು ದಿನಾ ನಡೆಯಲು ಹೇಳಿದ್ದಾರೆ, ಸಂಜೆ ಐದಕ್ಕೆ ಬ್ರೂನೋನ ಬೆಲ್ಟ್ ಹಿಡಿದು ಹೊರಡುತ್ತಾರೆ. ಗ್ಯಾಸ್ ಸಿಲಿಂಡರಿನವನು ಬಂದಾಗ ಮಾತ್ರ ಇವತ್ತಿಗೂ ಇಡೀ ಮಹಡಿ ಕೇಳುವಂತೆ ಬೊಗಳುತ್ತಾನೆ.